ಎಷ್ಟು ಅಡಿಗೆ ನೀರು? ವೇದಾವತಿ ಕಣಿವೆಯ ಕಲ್ಲು, ಮಳೆ ಮತ್ತು ಮರಳು

ಕಳೆದ ರಜೆಯಲ್ಲಿ ಹಿರಿಯೂರು ಕಡೆಯ ನಮ್ಮೂರಿಗೆ ಹೋಗಿದ್ದಾಗ ದೊಡ್ಡಪ್ಪ ಒಂದು ಪ್ರಶ್ನೆ ಕೇಳಿದರು. "ಏನಪ್ಪಾ, ಸಿವಿಲ್ ಇಂಜಿನಿಯರಿಂಗ್ ಓದ್ತಾ ಇದೀಯಲ್ಲ, ನಮ್ಮ ಹೊಲದಾಗೆ ಎಷ್ಟು ಅಡಿಗೆ ನೀರು ಐತೆ ಹೇಳು ನೋಡಾನ." ಆಗಲೇ ಐದು ಬೋರ್ ಕೊರೆಸಿದ್ದರು. ಮೂರಕ್ಕೆ ನೀರೇ ಬಿದ್ದಿಲ್ಲ, ಒಂದು ಎರಡು ವರ್ಷ ಓಡಿ ನಿಂತಿದೆ, ಇನ್ನೊಂದು ಬೇಸಿಗೆಯಲ್ಲಿ ಅರ್ಧ ಗಂಟೆ ಓಡಿದರೆ ಹೆಚ್ಚು. ಆರನೆಯದಕ್ಕೆ ಸಾಲ ಮಾಡೋದಾ ಬೇಡವಾ ಅನ್ನೋದು ಅವರ ಚಿಂತೆ. ನನಗೆ ಉತ್ತರ ಗೊತ್ತಿರಲಿಲ್ಲ. ಜಿಯಾಲಜಿ ಲ್ಯಾಬಿನಲ್ಲಿ ಕಲ್ಲಿನ ತುಂಡು ನೋಡಿ "ಇದು ನೈಸ್, ಇದು ಶಿಸ್ಟ್" ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ ಅಷ್ಟೆ. ಆ ಕಲ್ಲೇ ನಮ್ಮ ಹೊಲದ ಕೆಳಗೂ ಇದೆ ಅಂತ ಯೋಚನೆ ಮಾಡಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಹೋಗಿ ಇಡೀ ವೇದಾವತಿ ನದಿಯ ಪಾಠ ಓದಬೇಕಾಯ್ತು. ಓದಿದ್ದನ್ನು ನನಗೆ ಅರ್ಥವಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಸಿವಿಲ್ ಬ್ರಾಂಚ್ ಅಲ್ಲದವರಿಗೂ ಅರ್ಥವಾಗುತ್ತೆ. ಇರೋ ಗಣಿತ ಎಲ್ಲಾ ಗುಣಾಕಾರ ಭಾಗಾಕಾರ ಮಾತ್ರ.

ನದಿಯ ದಾರಿ

ವೇದಾವತಿ ಹುಟ್ಟೋದು ಒಣ ನಾಡಿನಲ್ಲಲ್ಲ. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ ವೇದಾ ಮತ್ತು ಅವತಿ ಅಂತ ಎರಡು ಹಳ್ಳಗಳು ಹುಟ್ಟುತ್ತವೆ. ವೇದಾ ಹಳ್ಳ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಗೆ, ಅವತಿ ಮದಗದ ಕೆರೆಗೆ ನೀರು ತುಂಬಿಸಿ ಮುಂದೆ ಕಡೂರಿನ ಕಡೆ ಎರಡೂ ಸೇರಿ ವೇದಾವತಿ ಆಗುತ್ತವೆ. ಅಲ್ಲಿಂದ ಹೊಸದುರ್ಗ ದಾಟಿ, ಮಾರಿಕಣಿವೆಯಲ್ಲಿ ಬೆಟ್ಟದ ಸಾಲನ್ನು ಸೀಳಿ, ಹಿರಿಯೂರಿಗೆ ಬರುತ್ತೆ. ಹಿರಿಯೂರಿನ ಹತ್ತಿರ ದಕ್ಷಿಣದಿಂದ ಸುವರ್ಣಮುಖಿ ಬಂದು ಸೇರುತ್ತೆ. ಆಮೇಲೆ ಉತ್ತರದ ಕಡೆ ತಿರುಗಿ ಚಳ್ಳಕೆರೆ ತಾಲೂಕಿನ ಪರಶುರಾಂಪುರದ ಕಡೆಯಿಂದ ಆಂಧ್ರದ ಅನಂತಪುರ ಜಿಲ್ಲೆಗೆ ಹೋಗಿ, ಭೈರವಾನಿತಿಪ್ಪ ಅಣೆಕಟ್ಟು ದಾಟಿ, ಮತ್ತೆ ಕರ್ನಾಟಕದ ಬಳ್ಳಾರಿ ಜಿಲ್ಲೆಗೆ ಬರುತ್ತೆ. ಅಲ್ಲಿ ಇದಕ್ಕೆ ಹಗರಿ ಅಂತ ಹೆಸರು. ಕೊನೆಗೆ ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತೆ. ಒಟ್ಟು ಉದ್ದ ಸುಮಾರು 390 ಕಿ.ಮೀ.

ನಕ್ಷೆಯಲ್ಲಿ ನೋಡಿದರೆ ದೊಡ್ಡ ನದಿ. ಆದರೆ ಬೇಸಿಗೆಯಲ್ಲಿ ಹಗರಿ ಸೇತುವೆ ಮೇಲೆ ಬಸ್ಸಿನಲ್ಲಿ ಹೋದರೆ ಕೆಳಗೆ ಕಾಣೋದು ಅಗಲವಾದ ಮರಳು, ಅದರ ನಡುವೆ ಜಾಲಿ ಗಿಡ. ಅಗಲ ನೋಡಿದರೆ ಕೃಷ್ಣೆ, ನೀರು ನೋಡಿದರೆ ಹಳ್ಳ. ಒಣ ನಾಡಿನ ನದಿಗಳ ಮೊದಲ ಗುರುತೇ ಇದು. ವರ್ಷದ ಹೆಚ್ಚು ದಿನ ಹರಿಯಲ್ಲ, ಹರಿದಾಗ ಒಂದೇ ಸಲ ಜೋರಾಗಿ ಹರಿಯುತ್ತೆ. ಆ ಜೋರಿಗೆ ದಡ ಕೊಚ್ಚಿ ಪಾತ್ರ ಅಗಲವಾಗುತ್ತೆ, ನೀರು ಬೇಗ ಇಳಿದುಹೋದಾಗ ಹೊತ್ತು ತಂದ ಮರಳು ಅಲ್ಲೇ ಉಳಿಯುತ್ತೆ.

ಮಳೆ ಎಲ್ಲಿ ನಿಲ್ಲುತ್ತೆ?

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ. ಚಳ್ಳಕೆರೆಯಲ್ಲಿ 500 ಮಿ.ಮೀ.ಗಿಂತ ಕಡಿಮೆ. ಎರಡಕ್ಕೂ ನೇರ ದೂರ ಸುಮಾರು 190 ಕಿ.ಮೀ. ಮಾತ್ರ. ಅರಬ್ಬಿ ಸಮುದ್ರದಿಂದ ಬರೋ ಗಾಳಿ ಪಶ್ಚಿಮ ಘಟ್ಟ ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತೆ. ಘಟ್ಟ ಇಳಿಯುವಾಗ ಗಾಳಿ ಮತ್ತೆ ಬಿಸಿಯಾಗಿ ಒಣಗುತ್ತೆ. ಉಳಿದದ್ದರಲ್ಲಿ ಒಂದು ಪಾಲು ಬಾಬಾಬುಡನ್ ಬೆಟ್ಟ ತಗೊಳ್ಳುತ್ತೆ. ಅದರಾಚೆಗೆ ಇರೋದೆಲ್ಲ ಮಳೆ ನೆರಳಿನ ಪ್ರದೇಶ. ಜೂನ್ ಜುಲೈನಲ್ಲಿ ಹಿರಿಯೂರು ಚಳ್ಳಕೆರೆ ಕಡೆ ಮೋಡ ಓಡ್ತಾ ಇರುತ್ತೆ, ಗಾಳಿ ಬೀಸ್ತಾ ಇರುತ್ತೆ, ಮಳೆ ಮಾತ್ರ ಇಲ್ಲ. ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರ ಹಾಕಿರೋದು ಸುಮ್ಮನೆ ಅಲ್ಲ. ಇಲ್ಲಿ ಹೆಚ್ಚು ಮಳೆ ಬರೋದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಅದೂ ಗುಡುಗು ಸಿಡಿಲಿನ ಜೊತೆ ಒಂದೆರಡು ಗಂಟೆ ಹೊಡೆದು ಹೋಗೋ ಮಳೆ.

ಬರೀ ಮಳೆ ಕಡಿಮೆ ಅನ್ನೋದರಿಂದ ಒಣ ನಾಡು ಆಗಲ್ಲ. ಬರೋದನ್ನು ಹೋಗೋದರ ಜೊತೆ ಹೋಲಿಸಬೇಕು. ಈ ಭಾಗದಲ್ಲಿ ಬಿಸಿಲು, ಗಾಳಿ ಸೇರಿ ಒಂದು ವರ್ಷಕ್ಕೆ 1500 ಮಿ.ಮೀ.ಗೂ ಹೆಚ್ಚು ನೀರನ್ನು ಆವಿ ಮಾಡಬಲ್ಲವು. ಅಂದರೆ ಖಾತೆಗೆ ಬರೋದು 500, ಖರ್ಚು ಮಾಡೋ ಶಕ್ತಿ 1500. ಖಾತೆ ಯಾವಾಗಲೂ ಖಾಲಿ. ಭಾರತದ ಬಿಸಿ ಶುಷ್ಕ ವಲಯ ಅಂದ ತಕ್ಷಣ ರಾಜಸ್ಥಾನ ನೆನಪಾಗುತ್ತೆ. ಆದರೆ ಅನಂತಪುರ ಮತ್ತು ಅದಕ್ಕೆ ಅಂಟಿಕೊಂಡ ಕರ್ನಾಟಕದ ಒಂದು ತುಂಡು ನೆಲವೂ ಅದೇ ಪಟ್ಟಿಯಲ್ಲಿದೆ. ವೇದಾವತಿಯ ಕೆಳಭಾಗ ಹರಿಯೋದು ಆ ತುಂಡಿನ ಮೂಲಕವೇ.

ಕಲ್ಲಿನ ಕಥೆ

ಈಗ ಲ್ಯಾಬಿನ ಕಲ್ಲುಗಳಿಗೆ ಬರೋಣ. ವೇದಾವತಿ ಕಣಿವೆಯಲ್ಲಿ ಮುಖ್ಯವಾಗಿ ಮೂರು ಜಾತಿ ಕಲ್ಲು.

ಒಂದನೆಯದು ನೈಸ್. ಬಿಳಿ ಕಪ್ಪು ಪಟ್ಟೆ ಪಟ್ಟೆ ಇರೋ ಕಲ್ಲು. ದಕ್ಷಿಣ ಭಾರತದ ಅಡಿಪಾಯ ಅಂತಲೇ ಹೇಳಬಹುದು. ವಯಸ್ಸು ಸುಮಾರು 300 ಕೋಟಿ ವರ್ಷ, ಕೆಲವು ಕಡೆ ಇನ್ನೂ ಹೆಚ್ಚು. ಬಯಲು ಸೀಮೆಯ ಸಮತಟ್ಟಾದ ಹೊಲಗಳ ಕೆಳಗೆ ಹೆಚ್ಚಾಗಿ ಇರೋದು ಇದೇ.

ಎರಡನೆಯದು ಶಿಸ್ಟ್ ಪಟ್ಟಿ. ಭೂವಿಜ್ಞಾನಿಗಳು ಧಾರವಾಡ ಶಿಲೆಗಳು ಅಂತ ಕರೆಯೋದು ಇವನ್ನೇ. ಹಳೆಯ ಸಮುದ್ರದ ಕೆಸರು, ಮರಳು, ಲಾವಾ ಎಲ್ಲಾ ಪದರ ಪದರವಾಗಿ ಬಿದ್ದು, ಒತ್ತಡ ಮತ್ತು ಬಿಸಿಗೆ ಮಡಚಿಕೊಂಡು ಆದದ್ದು. ಚಿತ್ರದುರ್ಗದ ಶಿಸ್ಟ್ ಪಟ್ಟಿ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಉದ್ದಕ್ಕೂ ಹಾದು ಹೋಗುತ್ತೆ. ಚಿತ್ರದುರ್ಗದ ಹತ್ತಿರ ತಾಮ್ರದ ಗಣಿ ಇದ್ದ ಇಂಗಳದಾಳ್ ಇದೇ ಪಟ್ಟಿಯಲ್ಲಿದೆ.

ಮೂರನೆಯದು ಗ್ರಾನೈಟ್. ಇದರಲ್ಲಿ ದೊಡ್ಡದು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಅನ್ನೋದು ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷದ ಹಿಂದೆ ಕರಗಿದ ಶಿಲೆ ಕೆಳಗಿನಿಂದ ನುಗ್ಗಿ ಬಂದು ಗಟ್ಟಿಯಾದ ಉದ್ದ ಪಟ್ಟಿ ಇದು. ರಾಮನಗರದಿಂದ ತುಮಕೂರು ಜಿಲ್ಲೆ, ಪಾವಗಡ ದಾಟಿ ರಾಯದುರ್ಗದ ಕಡೆಗೆ ಉತ್ತರಕ್ಕೆ ಹೋಗುತ್ತೆ. ಗುಂಡು ಕಲ್ಲುಗಳನ್ನು ಯಾರೋ ಪೇರಿಸಿಟ್ಟ ಹಾಗೆ ಕಾಣೋ ಬೆಟ್ಟಗಳೆಲ್ಲ ಗ್ರಾನೈಟ್ ನೆಲದ ಗುರುತು.

ಹಿರಿಯೂರು ತಾಲೂಕಿನ ಐಮಂಗಲದ ಹತ್ತಿರ ಮರಡಿಹಳ್ಳಿ ಅಂತ ಒಂದು ಊರಿದೆ. ಅಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ ಕಾಣೋ ಬಂಡೆ ಇದೆ. ಅದಕ್ಕೆ ದಿಂಬು ಲಾವಾ ಅಂತಲೇ ಹೆಸರು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆಯಾಗಿದೆ. ಬಿಸಿ ಲಾವಾ ನೀರಿನೊಳಗೆ ಹೊರಬಂದರೆ ಮಾತ್ರ ಈ ಆಕಾರ ಬರುತ್ತೆ. ಹೊರಗಿನ ಪದರ ನೀರು ತಾಗಿದ ತಕ್ಷಣ ಗಟ್ಟಿಯಾಗುತ್ತೆ, ಒಳಗಿನದು ಇನ್ನೂ ಮೆತ್ತಗಿರುತ್ತೆ, ಹಾಗಾಗಿ ಉಂಡೆ ಉಂಡೆಯಾಗಿ ಹೊರಳುತ್ತೆ. ಅಂದರೆ ಇವತ್ತು ಕುಡಿಯೋ ನೀರಿಗೆ ಟ್ಯಾಂಕರ್ ಕಾಯೋ ಜಾಗದಲ್ಲಿ 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರ ಇತ್ತು! ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗೋವಾಗ ಎಷ್ಟು ಸಲ ಈ ಊರಿನ ಪಕ್ಕದಲ್ಲೇ ನಿದ್ದೆ ಮಾಡ್ಕೊಂಡು ಹೋಗಿದ್ದೀನೋ ಲೆಕ್ಕ ಇಲ್ಲ.

ಮಾರಿಕಣಿವೆಯ ಲೆಕ್ಕ

ಶಿಸ್ಟ್ ಪಟ್ಟಿಯ ಗಟ್ಟಿ ಪದರಗಳು ಬೆಟ್ಟದ ಸಾಲಾಗಿ ಉಳಿದಿವೆ, ಅಕ್ಕಪಕ್ಕದ ನೈಸ್ ಸವೆದು ಬಯಲಾಗಿದೆ. ಪಶ್ಚಿಮದಿಂದ ಬರೋ ವೇದಾವತಿ ಈ ಸಾಲಿಗೆ ಅಡ್ಡ ಬಂದಾಗ ಸುತ್ತಿಕೊಂಡು ಹೋಗದೆ ಸೀಳಿಕೊಂಡು ಹೋಗಿದೆ. ಗರಗಸ ಮರ ಕೊಯ್ದ ಹಾಗೆ, ಸುತ್ತಲಿನ ನೆಲ ತಗ್ಗುತ್ತಾ ಹೋದಂತೆ ನದಿ ತನ್ನ ಹಳೇ ದಾರಿಯಲ್ಲೇ ಬೆಟ್ಟವನ್ನು ಕೊಯ್ಯುತ್ತಾ ಬಂದಿದೆ. ಹಾಗೆ ಆದ ಕಿರಿದಾದ ಸಂದೇ ಮಾರಿಕಣಿವೆ. ಕಣಿವೆ ಮಾರಮ್ಮನ ಗುಡಿ ಇರೋ ಜಾಗ.

ಹಿಂದೆ ಅಗಲವಾದ ಬಟ್ಟಲು, ಮುಂದೆ ಕಿರಿದಾದ ಬಾಯಿ, ಎರಡೂ ಕಡೆ ಗಟ್ಟಿ ಬಂಡೆ. ಅಣೆಕಟ್ಟು ಕಟ್ಟೋಕೆ ಇದಕ್ಕಿಂತ ಒಳ್ಳೆ ಜಾಗ ಪಠ್ಯಪುಸ್ತಕದಲ್ಲೂ ಸಿಗಲ್ಲ. ಮೈಸೂರು ಸಂಸ್ಥಾನ 1898ರಲ್ಲಿ ಇಲ್ಲಿ ಕೆಲಸ ಶುರು ಮಾಡಿ 1907ರಲ್ಲಿ ಮುಗಿಸಿತು. ಕನ್ನಂಬಾಡಿ ಕಟ್ಟೆಗಿಂತ ಹಳೆಯದು. ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಲ್ಲಿ ವಾಣಿವಿಲಾಸ ಸಾಗರ ಅಂತ ಕರೆದರು. ತುಂಬಿದಾಗ ಮಟ್ಟ 130 ಅಡಿ, ನೀರು ಸುಮಾರು 30 ಟಿಎಂಸಿ.

ಆದರೆ ಈ ಜಲಾಶಯ ಮೊದಲ ಸಲ ಕೋಡಿ ಬಿದ್ದಿದ್ದು 1933ರಲ್ಲಿ. ಎರಡನೇ ಸಲ 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಆದ ಮೇಲೆ. ಮೂರನೇ ಸಲ 2025ರ ಜನವರಿಯಲ್ಲಿ. ಯಾಕೆ ಹೀಗೆ? ಲೆಕ್ಕ ಹಾಕೋಣ.

ಅಣೆಕಟ್ಟಿನ ಮೇಲಿನ ಜಲಾನಯನ ಪ್ರದೇಶ ಸುಮಾರು 5374 ಚ.ಕಿ.ಮೀ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅಂದರೆ 2.83 ಕೋಟಿ ಘನ ಮೀಟರ್. 30 ಟಿಎಂಸಿಗೆ ಸುಮಾರು 85 ಕೋಟಿ ಘನ ಮೀಟರ್. ಇದನ್ನು ಜಲಾನಯನದ ವಿಸ್ತೀರ್ಣಕ್ಕೆ ಭಾಗಿಸಿದರೆ 158 ಮಿ.ಮೀ. ಬರುತ್ತೆ. ಅಂದರೆ ಖಾಲಿ ಜಲಾಶಯ ಒಂದೇ ವರ್ಷದಲ್ಲಿ ತುಂಬಬೇಕಾದರೆ ಇಡೀ ಜಲಾನಯನದಿಂದ 158 ಮಿ.ಮೀ. ದಪ್ಪದ ನೀರು ಹರಿದು ಬರಬೇಕು.

ಬರುತ್ತಾ? ಸರಾಸರಿ 600 ಮಿ.ಮೀ. ಮಳೆ ಅಂತ ಇಟ್ಕೊಳ್ಳಿ. ಒಣ ನಾಡಿನಲ್ಲಿ ಮಳೆಯ ಬಹುಪಾಲು ಮಣ್ಣಿಗೆ ಮತ್ತು ಆವಿಗೆ ಹೋಗುತ್ತೆ. ಹಳ್ಳಕ್ಕೆ ಬಂದದ್ದನ್ನು ಮೇಲಿನ ನೂರಾರು ಕೆರೆಗಳು ಹಿಡಿದುಕೊಳ್ಳುತ್ತವೆ. ಉಳಿದು ಅಣೆಕಟ್ಟಿಗೆ ಬರೋದು ಶೇ. 5 ಅಂದರೂ 30 ಮಿ.ಮೀ. ಇದು 5.7 ಟಿಎಂಸಿ. ಈಗ ಖರ್ಚು ನೋಡಿ. ನೀರು 50 ಚ.ಕಿ.ಮೀ. ಹರಡಿಕೊಂಡಿದೆ ಅಂತ ಇಟ್ಕೊಂಡರೆ, ವರ್ಷಕ್ಕೆ ಒಂದೂವರೆ ಮೀಟರ್ ಆವಿ ಲೆಕ್ಕದಲ್ಲಿ 7.5 ಕೋಟಿ ಘನ ಮೀಟರ್, ಅಂದರೆ 2.6 ಟಿಎಂಸಿ ಆಕಾಶಕ್ಕೆ ಹೋಯ್ತು. ಬಂದದ್ದರಲ್ಲಿ ಹತ್ತಿರ ಹತ್ತಿರ ಅರ್ಧ! ಉಳಿದದ್ದರಲ್ಲಿ ತೋಟಗಳಿಗೆ ನಾಲೆ ನೀರು, ಊರುಗಳಿಗೆ ಕುಡಿಯೋ ನೀರು. ಜಲಾಶಯ ತುಂಬೋದು ಹೇಗೆ?

ಹಾಗಾದರೆ ಅಷ್ಟು ದೊಡ್ಡದಾಗಿ ಕಟ್ಟಿದ್ದು ತಪ್ಪಾ? ಮೊದಲು ನನಗೂ ಹಾಗೇ ಅನಿಸಿತು. ಈಗ ಅನಿಸಲ್ಲ. ಮಳೆ ನಂಬೋಕಾಗದ ಕಡೆ ಜಲಾಶಯ ಪರ್ಸ್ ಥರ ಅಲ್ಲ, ಬ್ಯಾಂಕ್ ಖಾತೆ ಥರ ಇರಬೇಕು. ಒಂದು ಒಳ್ಳೆ ವರ್ಷದ ನೀರನ್ನು ನಾಲ್ಕು ಕೆಟ್ಟ ವರ್ಷಕ್ಕೆ ಉಳಿಸೋದು ಅದರ ಕೆಲಸ. ಪ್ರತಿ ವರ್ಷ ತುಂಬಿ ಹರಿಯೋ ಕಟ್ಟೆ ಅಂದರೆ ಒಳ್ಳೆ ವರ್ಷದ ನೀರನ್ನು ಬಿಟ್ಟುಬಿಡೋ ಕಟ್ಟೆ ಅಂತಲೂ ಅರ್ಥ. ಇನ್ನು 2022ರಲ್ಲಿ ತುಂಬಿದ್ದಕ್ಕೆ 2021 ಮತ್ತು 2022ರ ಭಾರಿ ಮಳೆ ಒಂದು ಕಾರಣವಾದರೆ, ಭದ್ರಾ ಮೇಲ್ದಂಡೆ ಯೋಜನೆಯಿಂದ ಪಂಪ್ ಮಾಡಿ ಬಿಟ್ಟ ಭದ್ರಾ ನೀರು ಇನ್ನೊಂದು. ಮಳೆ ನೆರಳಿನ ಜಲಾಶಯಕ್ಕೆ ಮಲೆನಾಡಿನ ನೀರನ್ನು ಎತ್ತಿ ತರಬೇಕಾಯ್ತು.

ಬಂಡೆಯೊಳಗೆ ನೀರು ಎಲ್ಲಿರುತ್ತೆ?

ನೆಲದ ಕೆಳಗೆ ಹೊಳೆ ಹರಿಯುತ್ತೆ ಅಂತ ನಮ್ಮೂರಲ್ಲಿ ಎಲ್ಲರೂ ನಂಬ್ತಾರೆ. ತೆಂಗಿನಕಾಯಿ ಅಂಗೈ ಮೇಲೆ ಇಟ್ಟುಕೊಂಡು ನಡೆಯೋರು "ಇಲ್ಲಿ ಎರಡು ಸೆಲೆ ಕೂಡ್ತಾವೆ" ಅಂತ ಹೇಳ್ತಾರೆ. ನಿಜ ಇಷ್ಟು: ತಾಜಾ ಗ್ರಾನೈಟ್ ಅಥವಾ ನೈಸ್ ಬಂಡೆಯಲ್ಲಿ ನೀರು ನಿಲ್ಲೋಕೆ ಜಾಗವೇ ಇಲ್ಲ. ನೀರು ಇರೋದು ಎರಡೇ ಕಡೆ.

ಮೊದಲನೆಯದು, ಮಣ್ಣಿನ ಕೆಳಗೆ, ಗಟ್ಟಿ ಬಂಡೆಯ ಮೇಲೆ ಇರೋ ಕೊಳೆತ ಕಲ್ಲಿನ ಪದರ. ಸಾವಿರಾರು ವರ್ಷ ನೀರು ಗಾಳಿ ತಾಗಿ ಬಂಡೆ ಪುಡಿಪುಡಿಯಾದದ್ದು. ಹತ್ತಿಪ್ಪತ್ತು ಮೀಟರ್ ದಪ್ಪ ಇದ್ದರೆ ಪುಣ್ಯ. ಇದು ಸ್ಪಂಜಿನ ಥರ. ನಮ್ಮ ಅಜ್ಜಂದಿರು ತೋಡಿದ ಬಾವಿಗಳೆಲ್ಲ ಈ ಸ್ಪಂಜಿನಿಂದ ನೀರು ಕುಡಿಯುತ್ತಿದ್ದವು. ಎರಡನೆಯದು, ಅದರ ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳು. ಬೋರ್‌ವೆಲ್ ಇವನ್ನು ಹುಡುಕಿಕೊಂಡು ಹೋಗುತ್ತೆ. ಬಿರುಕು ಪೈಪ್ ಇದ್ದ ಹಾಗೆ, ಟ್ಯಾಂಕ್ ಅಲ್ಲ. ಮೇಲಿನ ಸ್ಪಂಜಿನಲ್ಲಿ ನೀರಿದ್ದರೆ ಪೈಪಿನಲ್ಲಿ ಬರುತ್ತೆ. ಸ್ಪಂಜು ಒಣಗಿದರೆ ಪೈಪಿನಲ್ಲಿ ಉಳಿದಿದ್ದಷ್ಟು ಬಂದು ನಿಲ್ಲುತ್ತೆ. ಒಂದು ಬೋರ್ ಎರಡು ವರ್ಷ ಚೆನ್ನಾಗಿ ಓಡಿ ಆಮೇಲೆ ಗಾಳಿ ಬಿಡೋದು ಇದೇ ಕಾರಣಕ್ಕೆ.

ಇನ್ನೂ ಆಳಕ್ಕೆ ಹೋದರೆ? ಮೇಲಿನ ಬಂಡೆಯ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತಾ ಹೋಗುತ್ತವೆ. 1000 ಅಡಿಯಲ್ಲಿ ನೀರು ಸಿಗಲ್ಲ ಅಂತಲ್ಲ, ಆದರೆ ಒಂದೊಂದು ಅಡಿ ಹೆಚ್ಚಾದಂತೆ ಸಿಗೋ ಸಾಧ್ಯತೆ ಕಡಿಮೆ, ಕೊರೆಯೋ ಖರ್ಚು ಜಾಸ್ತಿ. ಕೆಲವು ಕಡೆ ನೆಲದೊಳಗೆ ಕರಿಕಲ್ಲಿನ ಗೋಡೆಗಳು ಅಡ್ಡ ಇರುತ್ತವೆ, ಡೈಕ್ ಅಂತ ಓದಿದ್ದೀವಲ್ಲ ಅದು. ಗೋಡೆಯ ಮೇಲ್ಗಡೆ ಇರೋ ಹೊಲದಲ್ಲಿ ನೀರು ನಿಲ್ಲುತ್ತೆ, ಕೆಳಗಿನ ಹೊಲ ಒಣಗಿರುತ್ತೆ. ಪಕ್ಕದ ಹೊಲದವರಿಗೆ ಬಿದ್ದ ನೀರು ನಮಗೆ ಬೀಳಲಿಲ್ಲ ಅನ್ನೋದು ಬರೀ ಹಣೆಬರಹ ಅಲ್ಲ.

ತೆಂಗಿನಕಾಯಿ ಬದಲು ರೆಸಿಸ್ಟಿವಿಟಿ ಮೀಟರ್ ಬಳಸಬಹುದು. ಒಂದೇ ಸಾಲಿನಲ್ಲಿ ಸಮ ಅಂತರದಲ್ಲಿ ನಾಲ್ಕು ಸರಳು ನೆಡ್ತಾರೆ. ಹೊರಗಿನ ಎರಡರಲ್ಲಿ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೀತಾರೆ. ನಮಗೆಲ್ಲ ಗೊತ್ತಿರೋ ಓಮ್‌ನ ನಿಯಮವೇ. ಅಂತರ ಹೆಚ್ಚಿಸಿದಂತೆ ಕರೆಂಟ್ ಆಳಕ್ಕೆ ಹೋಗುತ್ತೆ. ಗಟ್ಟಿ ಬಂಡೆಗೆ ರೋಧ ಬಹಳ, ನೀರು ತುಂಬಿದ ಕೊಳೆತ ಕಲ್ಲಿಗೆ ಕಡಿಮೆ. ಇದರಿಂದ ಸ್ಪಂಜು ಎಷ್ಟು ದಪ್ಪ ಇದೆ ಅಂತ ಅಂದಾಜು ಸಿಗುತ್ತೆ. ಆದರೆ ಎಷ್ಟು ವರ್ಷ ನೀರು ಬರುತ್ತೆ ಅಂತ ಯಾವ ಮೀಟರೂ ಹೇಳಲ್ಲ. ಅದಕ್ಕೆ ಇನ್ನೊಂದು ಲೆಕ್ಕ ಬೇಕು.

500 ಮಿ.ಮೀ. ಮಳೆಯಲ್ಲಿ ಶೇ. 8ರಷ್ಟು ನೆಲಕ್ಕೆ ಇಂಗುತ್ತೆ ಅಂತ ತಗೊಳ್ಳೋಣ, ಗಟ್ಟಿ ಶಿಲೆಯ ನಾಡಿಗೆ ಇದು ಸಾಧಾರಣ ಅಂದಾಜು. ಅಂದರೆ 40 ಮಿ.ಮೀ. ಒಂದು ಎಕರೆಗೆ 1.6 ಲಕ್ಷ ಲೀಟರ್. ಈಗ ಅಡಿಕೆ ತೋಟ. ಎಕರೆಗೆ 550 ಮರ, ಡ್ರಿಪ್ ಹಾಕಿ ಮರಕ್ಕೆ ದಿನಕ್ಕೆ 20 ಲೀಟರ್, ವರ್ಷದಲ್ಲಿ 200 ದಿನ ಅಂದರೆ 22 ಲಕ್ಷ ಲೀಟರ್. ಭಾಗಿಸಿ ನೋಡಿ. ಒಂದು ಎಕರೆ ಅಡಿಕೆ ಸುಮಾರು 14 ಎಕರೆ ನೆಲಕ್ಕೆ ಇಂಗಿದ ನೀರನ್ನು ಕುಡಿಯುತ್ತೆ. ಅಕ್ಕಪಕ್ಕದ 13 ಎಕರೆಯವರು ರಾಗಿ, ಶೇಂಗಾ ಹಾಕಿ ಮಳೆ ನಂಬಿಕೊಂಡಿದ್ದರೆ ನಡೆಯುತ್ತೆ. ಅವರೂ ಬೋರ್ ಹಾಕಿದರೆ? ಆಗ ಎಲ್ಲರೂ ಒಂದೇ ಲೋಟಕ್ಕೆ ಸ್ಟ್ರಾ ಹಾಕಿದ ಹಾಗೆ. ಉದ್ದ ಸ್ಟ್ರಾ ಇದ್ದವನು ಸ್ವಲ್ಪ ದಿನ ಗೆಲ್ಲುತ್ತಾನೆ, ಲೋಟ ದೊಡ್ಡದಾಗಲ್ಲ.

ಇದರಲ್ಲಿ ಒಂದು ಒಳ್ಳೆ ಸುದ್ದಿಯೂ ಇದೆ. ಕೊಳೆತ ಕಲ್ಲಿನ ಪದರದಲ್ಲಿ ನೀರು ಬಿಟ್ಟುಕೊಡೋ ಜಾಗ ಶೇ. 1.5 ಅಂತ ತಗೊಂಡರೆ, 40 ಮಿ.ಮೀ. ಇಂಗಿದರೆ ಬಾವಿಯ ನೀರು 2.7 ಮೀಟರ್, ಅಂದರೆ ಸುಮಾರು 9 ಅಡಿ ಏರುತ್ತೆ. ಸ್ಪಂಜು ಸಣ್ಣದು, ಆದ್ದರಿಂದ ಬೇಗ ಖಾಲಿಯಾಗುತ್ತೆ, ಹಾಗೇ ಬೇಗ ತುಂಬುತ್ತೆ ಕೂಡ. ಕೆರೆ ಹೂಳು ತೆಗೆದ ಮರುವರ್ಷವೇ ಕೆಲವು ಊರಲ್ಲಿ ಬಾವಿ ತುಂಬೋದು ಪವಾಡ ಅಲ್ಲ, ಇದೇ ಲೆಕ್ಕ.

ಆಳದ ನೀರಿನ ಬೆಲೆ

ಆಳಕ್ಕೆ ಹೋದರೆ ಇನ್ನೊಂದು ತೊಂದರೆ, ಫ್ಲೋರೈಡ್. ಗ್ರಾನೈಟ್ ಮತ್ತು ನೈಸ್‌ನಲ್ಲಿರೋ ಕೆಲವು ಖನಿಜಗಳಲ್ಲಿ, ಹೊಳೆಯೋ ಕಪ್ಪು ಅಭ್ರಕದಲ್ಲೂ, ಫ್ಲೋರಿನ್ ಇರುತ್ತೆ. ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕೂತಷ್ಟೂ ಅದು ಕರಗಿ ನೀರಿಗೆ ಬರುತ್ತೆ. ನೀರಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತೆ. ಆದರೆ ಒಣ ನಾಡಿನಲ್ಲಿ ಮಣ್ಣಿನ ನೀರು ಆವಿಯಾಗ್ತಾ ಕ್ಯಾಲ್ಸಿಯಂ ಮೊದಲೇ ಸುಣ್ಣಕಲ್ಲಿನ ಉಂಡೆಗಳಾಗಿ ಬೇರೆಯಾಗಿಬಿಡುತ್ತೆ. ಹೊಲ ಉಳುವಾಗ ಸಿಗೋ ಬಿಳೀ ಗಂಟುಗಳು ಅವೇ. ಹಿಡಿಯೋರು ಇಲ್ಲದೆ ಫ್ಲೋರೈಡ್ ನೀರಲ್ಲೇ ಉಳಿಯುತ್ತೆ.

ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ. ಅದಕ್ಕಿಂತ ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲು ಬಿಗಿತ. ಚಳ್ಳಕೆರೆ, ಮೊಳಕಾಲ್ಮೂರು, ಶಿರಾ, ಪಕ್ಕದ ಪಾವಗಡ ಕಡೆ ಇದು ಹೊಸ ವಿಷಯ ಅಲ್ಲ. ಬೇಯಿಸಿದರೆ ಹೋಗಲ್ಲ, ಇನ್ನೂ ದಟ್ಟವಾಗುತ್ತೆ. ಇದನ್ನು ಓದಿದ ಮೇಲೆ ಊರಿನ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತ ಸಾಲು ನನಗೆ ಬೇರೆ ಥರ ಕಾಣಿಸ್ತು. ಮೇಲಿನ ಬಾವಿ ನೀರಿಗೆ ಸಾಮಾನ್ಯವಾಗಿ ಈ ತೊಂದರೆ ಕಡಿಮೆ, ಯಾಕಂದರೆ ಅದು ಹೊಸ ಮಳೆಯ ನೀರು. ಬಾವಿ ಬತ್ತಿಸಿ ಬೋರ್‌ಗೆ ಹೋಗಿ ನಾವು ಹಳೇ ನೀರು ಕುಡಿಯೋಕೆ ಶುರು ಮಾಡಿದೆವು.

ಮರಳು ಅನ್ನೋ ಇನ್ನೊಂದು ಜಲಾಶಯ

ಮತ್ತೆ ನದಿಗೆ ಬರೋಣ. ಒಣಗಿದ ಹಗರಿಯನ್ನು ನೋಡಿ ನದಿ ಸತ್ತಿದೆ ಅಂದುಕೊಳ್ಳೋದು ತಪ್ಪು. ಗ್ರಾನೈಟ್ ಮತ್ತು ನೈಸ್ ಸವೆದಾಗ ಉಳಿಯೋ ಗಟ್ಟಿ ಸ್ಫಟಿಕವೇ ಈ ಮರಳು. ಮರಳಿನ ಕಣಗಳ ನಡುವೆ ನೀರು ಬಿಟ್ಟುಕೊಡೋ ಜಾಗ ಶೇ. 20 ಅಂತ ಹಿಡಿಯೋಣ, ಕೊಳೆತ ಕಲ್ಲಿಗಿಂತ ಹತ್ತು ಪಟ್ಟಿಗೂ ಹೆಚ್ಚು. 1 ಕಿ.ಮೀ. ಉದ್ದ, 100 ಮೀಟರ್ ಅಗಲ, 3 ಮೀಟರ್ ಆಳದ ಮರಳಿನಲ್ಲಿ 60,000 ಘನ ಮೀಟರ್, ಅಂದರೆ 6 ಕೋಟಿ ಲೀಟರ್ ನೀರು ಹಿಡಿಯುತ್ತೆ. ಮೇಲಿನ ಒಣ ಮರಳು ಮುಚ್ಚಳದ ಥರ ಇರೋದರಿಂದ ಕೆಳಗಿನ ನೀರು ಬೇಗ ಆವಿಯಾಗಲ್ಲ. ಬೇಸಿಗೆಯಲ್ಲಿ ಹೆಂಗಸರು ಮರಳು ತೋಡಿ ಒರತೆ ಮಾಡಿ ಬಿಂದಿಗೆ ತುಂಬ್ತಿದ್ದರಲ್ಲ, ಅದು ಈ ನೀರು. ಮಧುಗಿರಿ, ಶಿರಾ, ಪಾವಗಡ ಕಡೆ ತಲಪರಿಗೆ ಅಂತ ಕರೆಯೋ ವ್ಯವಸ್ಥೆಯೂ ಇದೇ ಥರದ್ದು. ನೆಲದಿಂದ ತಾನಾಗಿ ಒಸರೋ ಮೇಲ್ಪದರದ ನೀರನ್ನು ಗುಂಡಿ, ಕಾಲುವೆ ಮಾಡಿ ಊರವರು ಹಂಚಿಕೊಳ್ಳುತ್ತಿದ್ದರು. ಪಂಪ್ ಇಲ್ಲ, ಕರೆಂಟ್ ಇಲ್ಲ.

ಆ ಮರಳನ್ನು ಲಾರಿಗೆ ತುಂಬಿ ಕಳಿಸಿದರೆ ಮನೆ ಕಟ್ಟೋಕೆ ಆಗುತ್ತೆ ನಿಜ. ಆದರೆ ಒಂದು ಲೋಡ್ ಮರಳು ಹೋದರೆ ಅದರ ಐದನೇ ಒಂದು ಭಾಗದಷ್ಟು ನೀರು ಹಿಡಿಯೋ ಪಾತ್ರೆ ಪ್ರತಿ ವರ್ಷಕ್ಕೂ ಹೋಯ್ತು. ಕಾಂಕ್ರೀಟ್ ಲ್ಯಾಬಿನಲ್ಲಿ ಮರಳನ್ನು ಬರೀ ಫೈನ್ ಅಗ್ರಿಗೇಟ್ ಅಂತ ತೂಕ ಮಾಡೋ ನಾವು ಇದನ್ನು ಒಂದು ಸಲವಾದರೂ ನೆನಪಿಸಿಕೊಳ್ಳಬೇಕು.

ಮರಳು ಇನ್ನೊಂದು ಮುಖವನ್ನೂ ತೋರಿಸುತ್ತೆ. ಆಂಧ್ರದ ಬೊಮ್ಮನಹಾಳ್, ಕಣೇಕಲ್ ಕಡೆ, ಬಳ್ಳಾರಿ ಗಡಿಗೆ ಅಂಟಿಕೊಂಡಂತೆ, ಹಗರಿಯ ದಡದಲ್ಲಿ ನಿಜವಾದ ಮರಳು ದಿಬ್ಬಗಳಿವೆ. ಮುಂಗಾರಿನ ಪಶ್ಚಿಮ, ನೈಋತ್ಯ ಗಾಳಿ ಒಣ ನದೀಪಾತ್ರದ ಮರಳನ್ನು ಎತ್ತಿ ಪೂರ್ವ ದಡದ ಹೊಲಗಳ ಮೇಲೆ ಹಾಕುತ್ತೆ. ಮಲೆನಾಡಿಗೆ ಮಳೆ ತರೋ ಅದೇ ಗಾಳಿ ಇಲ್ಲಿ ಮರಳು ತರುತ್ತೆ. ನದಿಯಲ್ಲಿ ನೀರು ಹರಿಯೋ ದಿನ ಕಡಿಮೆಯಾದಷ್ಟೂ ಗಾಳಿಗೆ ಸಿಗೋ ಮರಳು ಜಾಸ್ತಿ. ದಡದ ಹುಲ್ಲು, ಮರ ಉಳಿಸೋದು ಅಲ್ಲಿ ಅಲಂಕಾರ ಅಲ್ಲ, ಹೊಲ ಉಳಿಸೋ ಕೆಲಸ.

ದೊಡ್ಡಪ್ಪನಿಗೆ ಏನು ಹೇಳಿದೆ

ಇಷ್ಟೆಲ್ಲ ಓದಿದ ಮೇಲೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. "ದೊಡ್ಡಪ್ಪಾ, ಎಷ್ಟು ಅಡಿಗೆ ಅಂತ ಕೇಳೋದೇ ತಪ್ಪು ಪ್ರಶ್ನೆ. ವರ್ಷಕ್ಕೆ ಎಷ್ಟು ಇಂಗುತ್ತೆ ಅಂತ ಕೇಳ್ಬೇಕು" ಅಂದೆ. 14 ಎಕರೆ ಲೆಕ್ಕ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅದು ನನಗೂ ಗೊತ್ತೈತೆ ಕಣಪ್ಪಾ" ಅಂದರು. "ನಮ್ಮಪ್ಪನ ಕಾಲಕ್ಕೆ ಕಪಿಲೆ ಹೊಡೆಯೋ ಬಾವಿಯಾಗೆ ನೀರಿತ್ತು, ರಾಗಿ, ಶೇಂಗಾ ಬೆಳೀತಿದ್ವಿ. ಈಗ ರಾಗಿ ಬೆಳೆದು ನಿನ್ ತಂಗಿ ಕಾಲೇಜ್ ಫೀಸ್ ಕಟ್ಟಾಕೆ ಆಗ್ತದಾ? ಎಂಟು ವರ್ಷ ಸಾಕಿದ ಅಡಿಕೆ ಗಿಡ ಒಣಗಾಕೆ ಬಿಟ್ಟು ನೋಡ್ತಾ ಕುಂದ್ರಲಾ?"

ಇದಕ್ಕೆ ನನ್ನ ಹತ್ತಿರ ಸೂತ್ರ ಇರಲಿಲ್ಲ. ಮಾರ್ಕೆಟ್ಟು, ಸಾಲ, ಫೀಸು ಇವು ಯಾವುದೂ ನನ್ನ ಸಮೀಕರಣದಲ್ಲಿ ಇರಲೇ ಇಲ್ಲ. ಕೊನೆಗೆ ಇಬ್ಬರೂ ಸೇರಿ ಒಂದು ಒಪ್ಪಂದಕ್ಕೆ ಬಂದೆವು. ಈ ವರ್ಷ ಆರನೇ ಬೋರ್ ಇಲ್ಲ. ಆ ದುಡ್ಡಿನ ಒಂದು ಭಾಗದಲ್ಲಿ ಹೊಲದ ತಗ್ಗಿನಲ್ಲಿ ಕೃಷಿ ಹೊಂಡ, ಹಳೇ ಬಾವಿಯ ಹೂಳು ತೆಗೆಸಿ ಹಳ್ಳದ ನೀರು ಮರಳು ಜಲ್ಲಿಯಲ್ಲಿ ಸೋಸಿ ಅದರೊಳಗೆ ಇಳಿಯೋ ಹಾಗೆ ಮಾಡೋದು. ಅಡಿಕೆ ಒಂದು ಎಕರೆಗೆ ಮೀರಿ ಹೆಚ್ಚಿಸೋದಿಲ್ಲ. ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಂದು ಸಲ ಹಗ್ಗ ಬಿಟ್ಟು ಅಳೆದು ನನಗೆ ವಾಟ್ಸಾಪ್ ಮಾಡೋದು ದೊಡ್ಡಪ್ಪನ ಕೆಲಸ, ಗ್ರಾಫ್ ಹಾಕೋದು ನನ್ನ ಕೆಲಸ. ಇಲ್ಲಿಯವರೆಗೆ ಮೂರು ಚುಕ್ಕಿ ಬಿದ್ದಿವೆ, ಮೂರೂ ಕೆಳಮುಖವಾಗಿವೆ. ಸೆಪ್ಟೆಂಬರ್ ಮಳೆ ಇನ್ನೂ ಬರಬೇಕು.

ನಿಮ್ಮ ಊರೂ ಬಯಲು ಸೀಮೆಯಲ್ಲಿದ್ದರೆ ಮುಂದಿನ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಹೊಲದ ಕೆಳಗೆ ಯಾವ ಕಲ್ಲಿದೆ, ನಿಮ್ಮ ಹಳ್ಳ ಯಾವ ನದಿ ಸೇರುತ್ತೆ, ವರ್ಷಕ್ಕೆ ಎಷ್ಟು ಮಳೆ, ಎಷ್ಟು ಎತ್ತುತ್ತಿದ್ದೀರಿ, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಬರೆಯೋಕೆ ಅರ್ಧ ಗಂಟೆ ಸಾಕು. ಆಮೇಲೆ ಮನೆಯವರ ಜೊತೆ ಕೂತು ಮಾತಾಡಿ. ಜಾಸ್ತಿ ಹೊತ್ತು ಹಿಡಿಯೋದು ಅದೇ.